ಬೆಟ್ಟದ ಹೆಸರು, ರಸ್ತೆಯ ಕುಲ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಬೆಳೆದ ರಿಚಿ ಎಂಬ ಸಂಸ್ಥೆಯ ಸೈಕಲ್ಲುಗಳನ್ನು ಬಲ್ಲವರು ಅವುಗಳನ್ನು ಬಹುಮಟ್ಟಿಗೆ ಬೆಟ್ಟದ ಸೈಕಲ್ಲುಗಳೆಂದೇ ಬಲ್ಲರು. ಉಬ್ಬುಹಲ್ಲುಗಳ ದಪ್ಪ ಟಯರು, ಅಗಲವಾದ ನೇರ ಹ್ಯಾಂಡಲ್ಲು, ಕಲ್ಲು ಕೊರಕಲುಗಳ ಮೇಲೆ ಎದೆಗುಂದದೆ ಇಳಿಯಬಲ್ಲ ಮೈಕಟ್ಟು ಇವುಗಳಿಂದ ಕೂಡಿ ಇಂದು ಮೌಂಟನ್ ಬೈಕ್ ಎಂದು ಲೋಕಪ್ರಸಿದ್ಧವಾಗಿರುವ ವಾಹನದ ಜನ್ಮವೃತ್ತಾಂತವನ್ನು ಯಾರು ಬರೆದರೂ ಟಾಮ್ ರಿಚಿಯ ಹೆಸರನ್ನು ಮೊದಲ ಪುಟಗಳಲ್ಲಿಯೇ ಬರೆಯಬೇಕಾಗುತ್ತದೆ. ಆದುದರಿಂದ ಅದೇ ಹೆಸರನ್ನು ಹೊತ್ತ, ಬಾಗಿದ ಹ್ಯಾಂಡಲ್ಲಿನ, ಸಪೂರ ಟಯರಿನ, ರಸ್ತೆಯ ಪಂದ್ಯಕ್ಕೆಂದೇ ರೂಪಿಸಿದ ಸೈಕಲ್ಲೊಂದನ್ನು ಕಂಡವರು, ಬೆಟ್ಟದಲ್ಲಿ ಹೆಸರು ಗಳಿಸಿದ ಸಂಸ್ಥೆಯು ವ್ಯಾಪಾರವನ್ನು ಹಿಗ್ಗಿಸುವ ಆಸೆಯಿಂದ ರಸ್ತೆಗೂ ಕೈಚಾಚಿದೆಯೆಂದು ಭಾವಿಸುವುದು ಸ್ವಾಭಾವಿಕ. ಆದರೆ ನಡೆದ ಕಥೆಯ ಕ್ರಮವು ಇದಕ್ಕೆ ತೀರ ವಿಪರೀತವಾಗಿದೆ. ರಸ್ತೆಯ ಸೈಕಲ್ಲೇ ಆ ಮನೆಯ ಮೂಲವಿದ್ಯೆ. ಬೆಟ್ಟದ ಸೈಕಲ್ಲು ಆ ವಿದ್ಯೆಯ ಫಲ. ಫಲವನ್ನು ಕೊಂಡಾಡುವ ಸಂಭ್ರಮದಲ್ಲಿ ಮೂಲವನ್ನು ಮರೆತುದರಿಂದ ಒಂದು ಉತ್ತಮ ಕಸುಬಿನ ಚರಿತ್ರೆಗೆ ಅನ್ಯಾಯವಾಗಿದೆಯೆಂದು ನನಗೆ ಬಹುಕಾಲದಿಂದ ತೋರುತ್ತಿರುವುದರಿಂದ, ಆ ಚರಿತ್ರೆಯನ್ನು ಅದರ ಸಹಜಕ್ರಮದಲ್ಲಿ ಇಲ್ಲಿ ಹೇಳಲು ಬಯಸುತ್ತೇನೆ.

1970ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದಲ್ಲಿ ಸೈಕಲ್ಲಿನ ಮಹಾಪೂರವೇ ಬಂದಿತು. ಅದುವರೆಗೆ ಮಕ್ಕಳ ಆಟದ ವಸ್ತುವೆಂದು ಎಣಿಸಲ್ಪಟ್ಟಿದ್ದ ವಾಹನವನ್ನು ದೊಡ್ಡವರು ತಮಗಾಗಿ ಕೊಳ್ಳತೊಡಗಿ, 1973ರ ಒಂದೇ ವರ್ಷದಲ್ಲಿ ಅಲ್ಲಿ ಸುಮಾರು 1.5 ಕೋಟಿ ಸೈಕಲ್ಲುಗಳು ಮಾರಾಟವಾದುವು. ಹತ್ತು ಗೇರುಗಳ, ಬಾಗಿದ ಹ್ಯಾಂಡಲ್ಲಿನ, ಯುರೋಪಿನ ಪಂದ್ಯಗಳ ಮಾದರಿಯ ಸೈಕಲ್ಲಿಗೆ ಅಂದು ಇದ್ದ ಗೌರವ ಮತ್ತಾವುದಕ್ಕೂ ಇರಲಿಲ್ಲ. ಆದರೆ ನಿಜವಾಗಿ ಪಂದ್ಯಕ್ಕೆ ಇಳಿಯುವವನಿಗೆ ಬೇಕಾದ ಸೂಕ್ಷ್ಮವಾದ ಫ್ರೇಮು ಅಮೆರಿಕದ ದೊಡ್ಡ ಕಾರ್ಖಾನೆಗಳಲ್ಲಿ ಸಿಕ್ಕುವಂತಹದಾಗಿರಲಿಲ್ಲ. ಅದಕ್ಕೆ ಇಟಲಿಯ ಮಿಲಾನಿನ ಕಡೆಗೋ ಇಂಗ್ಲೆಂಡಿನ ಸಣ್ಣ ಕಾರ್ಯಾಗಾರಗಳ ಕಡೆಗೋ ಮುಖಮಾಡಬೇಕಾಗಿತ್ತು. 1943ರಲ್ಲಿ ಮಿಲಾನ್–ಸ್ಯಾನ್ ರೆಮೊ ಪಂದ್ಯವನ್ನು ಗೆದ್ದು ಬಳಿಕ ಸೈಕಲ್ ಕಟ್ಟುವ ಕೆಲಸಕ್ಕೆ ತಿರುಗಿದ ಚೀನೊ ಚಿನೆಲ್ಲಿಯ ಫ್ರೇಮುಗಳನ್ನು ಕ್ಯಾಲಿಫೋರ್ನಿಯಾದ ತರುಣರು ದೇವಪ್ರತಿಮೆಗಳನ್ನು ನೋಡುವಂತೆ ನೋಡುತ್ತಿದ್ದ ಕಾಲ ಅದು. ಬರ್ಮಿಂಗ್‌ಹ್ಯಾಮಿನ ರೇನಾಲ್ಡ್ಸ್ ಸಂಸ್ಥೆಯು 1935ರಲ್ಲಿ ಹೊರತಂದ 531 ಎಂಬ ಮ್ಯಾಂಗನೀಸ್–ಮಾಲಿಬ್ಡಿನಮ್ ಉಕ್ಕಿನ ಕೊಳವೆಗಳು, ತುದಿಗಳಲ್ಲಿ ದಪ್ಪವಾಗಿಯೂ ನಡುವೆ ತೆಳ್ಳಗಾಗಿಯೂ ಎಳೆಯಲ್ಪಟ್ಟು, ಬಲಕ್ಕೆ ಕೊರತೆಯಾಗದಂತೆ ಭಾರವನ್ನು ಇಳಿಸಿದುವು; ಅವನ್ನು ತರಿಸಿಕೊಂಡು ತಾವೇ ಫ್ರೇಮು ಕಟ್ಟಲು ಹೊರಟ ಕೆಲವರು ಅಮೆರಿಕದ ಪಶ್ಚಿಮ ತೀರದಲ್ಲಿ ಅಲ್ಲಲ್ಲಿ ಕಾಣಿಸಿಕೊಂಡರು. ಓಕ್‌ಲ್ಯಾಂಡಿನ ಆಲ್ಬರ್ಟ್ ಐಸೆಂಟ್ರಾಟ್ ಅವರಲ್ಲಿ ಹಿರಿಯನಾಗಿದ್ದು, ತಾನು ಕಲಿತುದನ್ನು ತರಗತಿ ನಡೆಸಿ ಇತರರಿಗೆ ಹೇಳಿಕೊಡುವ ಔದಾರ್ಯವನ್ನೂ ತೋರಿದನು.

ಟಾಮ್ ರಿಚಿ ಹುಟ್ಟಿದುದು 1956ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣದಲ್ಲಿ ಬೆಳೆದ ಈ ಹುಡುಗನ ಕೈಗೆ ಮೊದಲು ಬಂದ ಸೈಕಲ್ಲಿನ ಕೆಲಸವೆಂದರೆ ಪಂದ್ಯದ ಟಯರುಗಳ ಪಂಕ್ಚರು ಹಾಕುವುದು. ಅಂದಿನ ಪಂದ್ಯದ ಟಯರು ನಾವು ದಿನನಿತ್ಯ ನೋಡುವಂತಹದಲ್ಲ. ಒಳಗಿನ ಟ್ಯೂಬನ್ನು ಸುತ್ತುವರಿದ ಬಟ್ಟೆಯ ಹೊದಿಕೆಯನ್ನು ದಾರದಿಂದ ಹೊಲಿದು, ಹೊಲಿಗೆಯ ಮೇಲೆ ಪಟ್ಟಿಯನ್ನು ಅಂಟಿಸಿ, ಇಡಿಯ ಟಯರನ್ನು ರಿಮ್ಮಿಗೆ ಅಂಟಿನಿಂದ ಕೂರಿಸುತ್ತಿದ್ದರು. ಅದು ಪಂಕ್ಚರಾದರೆ ಪಟ್ಟಿಯನ್ನು ಎಬ್ಬಿಸಿ, ತೂತು ಬಿದ್ದೆಡೆಯ ಹೊಲಿಗೆಯನ್ನಷ್ಟೆ ಬಿಚ್ಚಿ, ಹೂವಿನೆಸಳಿನಷ್ಟು ತೆಳ್ಳಗಿನ ಟ್ಯೂಬನ್ನು ಹೊರಗೆಳೆದು ತೇಪೆ ಹಾಕಿ, ಹಳೆಯ ತೂತುಗಳಲ್ಲಿಯೇ ಸೂಜಿಯನ್ನು ಹಾಯಿಸಿ ಮತ್ತೆ ಹೊಲಿಯಬೇಕು. ಹೊಲಿಗೆ ಬಿಗಿಯಾದರೆ ಟಯರು ಅಲ್ಲಿ ಚಪ್ಪಟೆಯಾಗುತ್ತದೆ, ಸಡಿಲವಾದರೆ ಉಬ್ಬಿಕೊಳ್ಳುತ್ತದೆ. ಹಣ ಕೊಟ್ಟು ಈ ಕೆಲಸವನ್ನು ಮಾಡಿಸಿಕೊಳ್ಳುವವರು ಪಂದ್ಯದ ಸವಾರರು; ಅವರ ಸಹವಾಸದಲ್ಲಿ ಹುಡುಗನೂ ಸವಾರನಾದನು. ಕಿರಿಯರ ವರ್ಗದಲ್ಲಿದ್ದಾಗಲೇ ಹಿರಿಯರನ್ನು ಹಿಂದಿಕ್ಕುತ್ತಿದ್ದ ಈತನ ಹೆಸರು ಉತ್ತರ ಕ್ಯಾಲಿಫೋರ್ನಿಯಾದ ರಸ್ತೆಯ ಪಂದ್ಯಗಳಲ್ಲಿ ಬೇಗನೆ ಹಬ್ಬಿತು. 1972ರಲ್ಲಿ, ಇನ್ನೂ ಶಾಲೆಯಲ್ಲಿ ಓದುತ್ತಿದ್ದಾಗ, ರಿಚಿ ತನ್ನ ಮೊದಲ ಫ್ರೇಮನ್ನು ಕಟ್ಟಿದನು. ಅದು ರಸ್ತೆಯ ಫ್ರೇಮು. ಮುಂದಿನ ಆರೇಳು ವರ್ಷಗಳವರೆಗೆ ಆತನ ಕೈಯಿಂದ ಮುಖ್ಯವಾಗಿ ಹೊರಬಂದುವು ರಸ್ತೆಯ ಫ್ರೇಮುಗಳೆ.

ಆತನು ಕಟ್ಟಿದ ಬಗೆಯನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಏಕೆಂದರೆ ಮುಂದಿನ ಇಡಿಯ ಕಥೆಗೆ ಬೀಜ ಅಲ್ಲಿಯೇ ಇದೆ. ಸಂಪ್ರದಾಯಬದ್ಧವಾದ ಇಟಲಿಯ ಫ್ರೇಮಿನಲ್ಲಿ ಒಂದು ಕೊಳವೆಯನ್ನು ಮತ್ತೊಂದಕ್ಕೆ ಸೇರಿಸುವುದು ಲಗ್ ಎಂಬ ಉಕ್ಕಿನ ತೋಳಿನ ಮೂಲಕ. ಲಗ್ಗಿನೊಳಕ್ಕೆ ಕೊಳವೆಯನ್ನು ತೂರಿಸಿ ಕಾಯಿಸಿದಾಗ ಕರಗಿದ ಹಿತ್ತಾಳೆಯು ಎರಡರ ನಡುವಣ ಕೂದಲೆಳೆಯಷ್ಟು ಸಂದಿನೊಳಕ್ಕೆ ತಾನಾಗಿಯೇ ಹೀರಿಕೊಂಡು ಹೋಗಿ ಬೆಸೆದುಕೊಳ್ಳುತ್ತದೆ. ಇದು ಸುಂದರವಾದ ವಿಧಾನ. ಆದರೆ ಲಗ್ಗನ್ನು ಎರಕ ಹೊಯ್ದವನು ಯಾವ ಕೋನವನ್ನೂ ಯಾವ ಗಾತ್ರವನ್ನೂ ನಿಶ್ಚಯಿಸಿರುತ್ತಾನೆಯೋ ಕಟ್ಟುವವನು ಅದಕ್ಕೆ ಅಧೀನ. ಮೇಲಿನ ಅಡ್ಡಕೊಳವೆ 25.4 ಮಿಲಿಮೀಟರು, ಕೆಳಗಿನ ಓರೆಕೊಳವೆ 28.6 ಮಿಲಿಮೀಟರು ಎಂಬುದು ಶಾಸನವಿದ್ದಂತೆ. ರಿಚಿ ಲಗ್ಗಿಲ್ಲದೆ ಬೆಸೆಯುವ ವಿಧಾನದಲ್ಲಿ ಪಳಗಿದನು. ಅದರಲ್ಲಿ ಒಂದು ಕೊಳವೆಯ ತುದಿಯನ್ನು ಮೀನಿನ ಬಾಯಿಯ ಆಕಾರಕ್ಕೆ ಅರದಿಂದ ಉಜ್ಜಿ, ಇನ್ನೊಂದರ ದುಂಡುಮೈಗೆ ಬೆಳಕು ಕೂಡ ನುಸುಳದಂತೆ ಹೊಂದಿಸಬೇಕು. ಆಮೇಲೆ ಆಮ್ಲಜನಕ ಅಸಿಟಿಲೀನ್‌ಗಳ ಜ್ವಾಲೆಯಲ್ಲಿ ಉಕ್ಕು ಮಂಕಾದ ಕೆಂಪಿಗೆ ಬರುವವರೆಗೆ ಕಾಯಿಸಿ, ಹಿತ್ತಾಳೆಯ ಸರಳನ್ನು ಸೋಕಿಸಬೇಕು. ಹಿತ್ತಾಳೆ ಕರಗುವುದು ಸುಮಾರು 900 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಬೇಕು. ಆ ಅಂತರದೊಳಗೆ ಕೈಯೂ ಕಣ್ಣೂ ಕೆಲಸ ಮಾಡಬೇಕು. ಕಾವು ಕಡಮೆಯಾದರೆ ಹಿತ್ತಾಳೆ ಮೇಲೆ ಮುದ್ದೆಯಾಗಿ ಕೂರುತ್ತದೆಯೇ ಹೊರತು ಕಚ್ಚಿಕೊಳ್ಳುವುದಿಲ್ಲ. ಹೆಚ್ಚಾದರೆ ತೆಳ್ಳನೆಯ ಕೊಳವೆ ಸತ್ತ್ವಗೆಡುತ್ತದೆ. ಸರಿಯಾಗಿ ಬಂದ ಬೆಸುಗೆಯು ಸಂದಿನ ಸುತ್ತಲೂ ಒಳಬಾಗಿದ ಮೃದುವಾದ ಏರಾಗಿ ನಿಂತು, ಅರವಾಡಿಸಿದ ಮೇಲೆ ಎರಡು ಕೊಳವೆಗಳು ಒಂದೇ ಲೋಹದಿಂದ ಮೂಡಿಬಂದಂತೆ ಕಾಣುತ್ತವೆ. ಯಾವ ಗಾತ್ರದ ಕೊಳವೆಯನ್ನಾದರೂ ಯಾವ ಕೋನದಲ್ಲಾದರೂ ಸೇರಿಸಬಲ್ಲ ಈ ಸ್ವಾತಂತ್ರ್ಯವು ರಸ್ತೆಯ ಫ್ರೇಮಿಗೆ ಸೊಗಸಾದ ಅನುಕೂಲವಾಗಿತ್ತು. ಬೆಟ್ಟದ ಫ್ರೇಮಿಗೆ ಅದು ಅನಿವಾರ್ಯವಾಗಲಿತ್ತು.

ಬೆಟ್ಟವು ಈ ಕಥೆಯನ್ನು ಪ್ರವೇಶಿಸುವುದೂ ರಸ್ತೆಯ ಸೈಕಲ್ಲನ್ನು ಏರಿಕೊಂಡೇ. ಸ್ಯಾಂಟಾ ಕ್ರೂಜ್ ಪರ್ವತಶ್ರೇಣಿಯ ತಪ್ಪಲಿನಲ್ಲಿ ಜೋಬ್ಸ್ಟ್ ಬ್ರ್ಯಾಂಟ್ ಎಂಬ ಎತ್ತರದ ನಿಲುವಿನ ಇಂಜಿನಿಯರನೊಬ್ಬನಿದ್ದನು. ಪೋರ್ಷೆ ಕಂಪನಿಯಲ್ಲಿಯೂ ಬಳಿಕ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿಯೂ ಕೆಲಸ ಮಾಡಿದ ಈತನು ಸೈಕಲ್ಲಿನ ಗಾಲಿಯ ಶಾಸ್ತ್ರವನ್ನು ಕುರಿತು 1981ರಲ್ಲಿ ಪ್ರಕಟಿಸಿದ ‘ದಿ ಬೈಸಿಕಲ್ ವ್ಹೀಲ್’ ಎಂಬ ಪುಸ್ತಕವು ಗಾಲಿ ಕಟ್ಟುವವರಿಗೆ ಇಂದಿಗೂ ಪ್ರಮಾಣಗ್ರಂಥ. ಬಿಗಿದ ಕಡ್ಡಿಗಳ ಗಾಲಿಯಲ್ಲಿ ಭಾರವು ಮೇಲಿನ ಕಡ್ಡಿಗಳಿಂದ ತೂಗುವುದಿಲ್ಲ, ಕೆಳಗಿನ ಕಡ್ಡಿಗಳ ಬಿಗಿತವು ಸಡಿಲಗೊಳ್ಳುವ ಮೂಲಕ ಅವುಗಳ ಮೇಲೆ ನಿಲ್ಲುತ್ತದೆ ಎಂಬ ಆತನ ಪ್ರತಿಪಾದನೆಯು ಕೇಳಿದವರನ್ನು ಮೊದಲು ಬೆರಗುಗೊಳಿಸಿ, ಬಳಿಕ ವಾದಕ್ಕೆಳೆದು, ಕೊನೆಗೆ ಒಪ್ಪಿಸಿತು. ಬ್ರ್ಯಾಂಟನ ಭಾನುವಾರದ ಸವಾರಿಗಳು ಆ ಪ್ರಾಂತದಲ್ಲಿ ಪ್ರಸಿದ್ಧವಾಗಿದ್ದುವು. ಡಾಂಬರು ಮುಗಿದಲ್ಲಿ ಸವಾರಿ ಮುಗಿಯಬೇಕೆಂಬ ನಿಯಮ ಆತನಿಗೆ ಗೊತ್ತಿರಲಿಲ್ಲ. ಅಂಟುಟಯರಿನ ರಸ್ತೆಯ ಸೈಕಲ್ಲಿನ ಮೇಲೆಯೇ ಮರ ಸಾಗಿಸುವ ಮಣ್ಣುದಾರಿಗಳನ್ನೂ, ಕೆಂಪುಮರದ ಕಾಡಿನ ಕಾಲುಹಾದಿಗಳನ್ನೂ, ಹಳ್ಳಗಳನ್ನೂ ದಾಟಿ, ದಿನವಿಡೀ ಸುತ್ತಿ ಬರುವುದು ಆತನ ಪದ್ಧತಿ. ತರುಣ ರಿಚಿ ಆ ಸವಾರಿಗಳ ಶಿಷ್ಯ. ತೆಳ್ಳನೆಯ ಟಯರು ಎಷ್ಟನ್ನು ತಾಳಬಲ್ಲುದು, ಫ್ರೇಮು ಎಲ್ಲಿ ದಣಿಯುತ್ತದೆ, ಮುಂಚಕ್ರ ಎಷ್ಟು ಮುಂದಕ್ಕೆ ಚಾಚಿಕೊಂಡಿದ್ದರೆ ಇಳಿಜಾರಿನಲ್ಲಿ ಧೈರ್ಯ ಬರುತ್ತದೆ ಎಂಬಿವೆಲ್ಲ ಆತನಿಗೆ ತಿಳಿದುದು ಪುಸ್ತಕದಿಂದಲ್ಲ, ಆ ಮಣ್ಣುದಾರಿಗಳಿಂದ.

ಕೊಲ್ಲಿಯ ಉತ್ತರದಂಡೆಯ ಮರೀನ್ ಜಿಲ್ಲೆಯಲ್ಲಿ ಅದೇ ಕಾಲಕ್ಕೆ ಬೇರೊಂದು ಪ್ರಯೋಗ ನಡೆಯುತ್ತಿತ್ತು. ಸುಮಾರು 784 ಮೀಟರು ಎತ್ತರದ ಟಮಾಲ್ಪೈಸ್ ಬೆಟ್ಟದ ಆಸುಪಾಸಿನಲ್ಲಿ ಕೆಲವು ತರುಣರು 1930, 40ರ ದಶಕಗಳ ಶ್ವಿನ್ ಕಂಪನಿಯ ಗುಜರಿ ಸೈಕಲ್ಲುಗಳನ್ನು ಹುಡುಕಿ ತಂದು, ಅವುಗಳ ಮೇಲೆ ಬೆಟ್ಟದ ಕಚ್ಚಾದಾರಿಗಳನ್ನು ಇಳಿಯುತ್ತಿದ್ದರು. ಫೇರ್‌ಫ್ಯಾಕ್ಸ್ ಊರಿನ ಬಳಿ ಸುಮಾರು 3 ಕಿಲೋಮೀಟರಿನೊಳಗೆ 400 ಮೀಟರಿನಷ್ಟು ಕೆಳಕ್ಕೆ ಧುಮುಕುವ ದಾರಿಯೊಂದರಲ್ಲಿ 1976ರ ಅಕ್ಟೋಬರ್ 21ರಂದು ಚಾರ್ಲಿ ಕೆಲಿ ಮೊದಲ ಪಂದ್ಯವನ್ನು ಏರ್ಪಡಿಸಿದನು. ಆ ದಾರಿಗೆ ರಿಪ್ಯಾಕ್ ಎಂದು ಹೆಸರು. ಹಿಂಗಾಲಿಯ ಹಬ್ಬಿನೊಳಗೇ ಅಡಗಿದ್ದ, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಹಳೆಯ ಮಾದರಿಯ ಬ್ರೇಕು ಒಂದೇ ಇಳಿತದಲ್ಲಿ ಎಷ್ಟು ಕಾಯುತ್ತಿತ್ತೆಂದರೆ ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗಿ, ಕೆಳಗೆ ತಲುಪಿದ ಮೇಲೆ ಹಬ್ಬನ್ನು ಬಿಚ್ಚಿ ಹೊಸ ಗ್ರೀಸು ತುಂಬದೆ ಮತ್ತೆ ಏರುವಂತಿರಲಿಲ್ಲ. ಈ ಸಾಹಸವನ್ನು ಪೋಲಿ ಹುಡುಗರ ಆಟವೆಂದು ವರ್ಣಿಸುವುದು ವಾಡಿಕೆಯಾಗಿದೆ. ಅದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಚಾರ್ಲಿ ಕೆಲಿ, ಗ್ಯಾರಿ ಫಿಷರ್, ಜೋ ಬ್ರೀಜ್, ಓಟಿಸ್ ಗೈ ಇವರೆಲ್ಲರೂ ವೇಲೊ ಕ್ಲಬ್ ಟಮಾಲ್ಪೈಸ್ ಎಂಬ ರಸ್ತೆ ಪಂದ್ಯದ ಸಂಘದ ಸದಸ್ಯರಾಗಿದ್ದರು. ಆ ಇಳಿತವನ್ನು ಅತಿ ಶೀಘ್ರವಾಗಿ, 4 ನಿಮಿಷ 22 ಸೆಕೆಂಡುಗಳಲ್ಲಿ, ಮುಗಿಸಿದ ಫಿಷರನೂ, ಅವನಿಗಿಂತ 2 ಸೆಕೆಂಡು ಮಾತ್ರ ಹಿಂದೆ ಉಳಿದ ಬ್ರೀಜನೂ ನುರಿತ ರಸ್ತೆ ಸವಾರರು. ಗಂಟೆಗಟ್ಟಲೆ ತುಳಿದು ಬಲಿತ ಕಾಲುಗಳೂ, ವೇಗವಾಗಿ ತಿರುವನ್ನು ಹೊಗುವ ನಿಪುಣತೆಯೂ ಅವರಿಗೆ ಬಂದುದು ರಸ್ತೆಯಿಂದ.

ಜೋ ಬ್ರೀಜನ ಕಥೆ ಈ ಮಾತಿಗೆ ಮತ್ತೊಂದು ಸಾಕ್ಷಿ. 1974ರಲ್ಲಿ ಐಸೆಂಟ್ರಾಟನ ತರಗತಿಗೆ ಸೇರಿ ಫ್ರೇಮು ಕಟ್ಟುವುದನ್ನು ಕಲಿತ ಈತನು ರಸ್ತೆಯ ಫ್ರೇಮುಗಳನ್ನು ಕಟ್ಟುತ್ತಿದ್ದನು. ಗುಜರಿ ಸೈಕಲ್ಲುಗಳು ಬೆಟ್ಟದ ಹೊಡೆತಕ್ಕೆ ಮುರಿದು ಬೀಳುವುದನ್ನು ಕಂಡು ಬೇಸತ್ತ ಕೆಲಿಯು, ಬೆಟ್ಟಕ್ಕೆಂದೇ ಹೊಸದೊಂದು ಫ್ರೇಮನ್ನು ಕಟ್ಟಿಕೊಡೆಂದು ಕೇಳಿದಾಗ, ಬ್ರೀಜ್ 1977ರಲ್ಲಿ ಕ್ರೋಮ್–ಮಾಲಿಬ್ಡಿನಮ್ ಉಕ್ಕಿನ ಕೊಳವೆಗಳಿಂದ ಬ್ರೀಜರ್ ಎಂಬ ಹೆಸರಿನ ಮೊದಲ ಸೈಕಲ್ಲನ್ನು ನಿರ್ಮಿಸಿದನು; ಮರುವರ್ಷದೊಳಗೆ ಒಟ್ಟು 10 ಸಿದ್ಧವಾದುವು. ಮೊದಲನೆಯದು ಇಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ಇವರೆಲ್ಲರಿಗಿಂತ ಬಹಳ ಮುಂಚೆಯೇ, 1953ರಲ್ಲಿ, ಜಾನ್ ಫಿನ್ಲೆ ಸ್ಕಾಟ್ ಎಂಬಾತನು ಶ್ವಿನ್ ಫ್ರೇಮಿಗೆ ದಪ್ಪ ಟಯರನ್ನೂ ನೇರ ಹ್ಯಾಂಡಲ್ಲನ್ನೂ ಗೇರುಗಳನ್ನೂ ಕೂಡಿಸಿ ಕಾಡುದಾರಿಯ ಸೈಕಲ್ಲೊಂದನ್ನು ಮಾಡಿಕೊಂಡಿದ್ದನೆಂಬುದನ್ನೂ ಇಲ್ಲಿ ಹೇಳಬೇಕು. ಆದರೆ ಆ ಕಾಣ್ಕೆ ಅಲ್ಲಿಗೇ ನಿಂತಿತು. ಅದನ್ನು ನೂರಾರು ಜನರ ಕೈಗೆ ಮುಟ್ಟಿಸಬಲ್ಲ ಫ್ರೇಮುಗಾರರ ಪೀಳಿಗೆಯೊಂದು ಹುಟ್ಟಲು ಮುಂದೆ ಇಪ್ಪತ್ತು ವರ್ಷಗಳೇ ಬೇಕಾದುವು, ಮತ್ತು ಆ ಪೀಳಿಗೆಯನ್ನು ಸಾಕಿದುದು ರಸ್ತೆಯ ಪಂದ್ಯ.

1979ರಲ್ಲಿ ಬ್ರೀಜನ ಸೈಕಲ್ಲು ರಿಚಿಯ ಕಣ್ಣಿಗೆ ಬಿದ್ದಿತು. ಗ್ಯಾರಿ ಫಿಷರನ ಅಪೇಕ್ಷೆಯಂತೆ ರಿಚಿಯೂ ಅಂತಹ ಫ್ರೇಮುಗಳನ್ನು ಕಟ್ಟಿದನು. ಬೆಟ್ಟದ ಫ್ರೇಮಿಗೆ ಬೇಕಾದ ದಪ್ಪನೆಯ ಕೊಳವೆಗಳಿಗೆ ಒಪ್ಪುವ ಲಗ್ಗುಗಳು ಅಂದು ಲೋಕದಲ್ಲಿಯೇ ಇರಲಿಲ್ಲ. ಲಗ್ಗನ್ನೇ ನಂಬಿದ್ದ ಫ್ರೇಮುಗಾರನು ಅಲ್ಲಿ ಕೈಕಟ್ಟಿ ಕೂರಬೇಕಾಗುತ್ತಿತ್ತು. ರಿಚಿಗೆ ಮಾತ್ರ ಅದು ಏಳು ವರ್ಷಗಳಿಂದ ಅಭ್ಯಾಸ ಮಾಡಿದ ಬೆಸುಗೆಯ ಸಹಜವಾದ ಮುಂದುವರಿಕೆ. ಹ್ಯಾಂಡಲ್ಲನ್ನೂ ಅದರ ಕುತ್ತಿಗೆಯನ್ನೂ ಪ್ರತ್ಯೇಕವಾಗಿರಿಸದೆ, ತ್ರಿಕೋನಾಕಾರವಾಗಿ ಒಂದೇ ಅಂಗವಾಗಿ ಬೆಸೆದು ಆತನು ಮಾಡಿದ ಬುಲ್‌ಮೂಸ್ ಎಂಬ ಹ್ಯಾಂಡಲ್ಲು ಆ ಮೊದಲ ಕಾಲದ ಗುರುತಾಗಿ ಉಳಿಯಿತು. ತನ್ನ ನೆರೆಹೊರೆಯಲ್ಲಿ ಗಿರಾಕಿಗಳು ಸಿಕ್ಕದೆ ಉಳಿದ ಫ್ರೇಮುಗಳನ್ನು ಆತನು ಫಿಷರನಿಗೆ ಒಪ್ಪಿಸಲು, ಫಿಷರನೂ ಕೆಲಿಯೂ ಕೂಡಿ ಮೌಂಟನ್‌ಬೈಕ್ಸ್ ಎಂಬ ಅಂಗಡಿಯನ್ನು ತೆರೆದರು. ರಿಚಿಯ ಕೈಕಟ್ಟಿನ ಸೈಕಲ್ಲೊಂದರ ಬೆಲೆ ಸುಮಾರು 1,300 ಡಾಲರು. ಅಷ್ಟು ಬೆಲೆಗೆ ಅಂದು ಉತ್ತಮವಾದ ಇಟಲಿಯ ಪಂದ್ಯದ ಸೈಕಲ್ಲೇ ಸಿಕ್ಕುತ್ತಿದ್ದುದರಿಂದ, ಅದನ್ನು ಕೊಟ್ಟು ದಪ್ಪ ಟಯರಿನ ಸೈಕಲ್ಲನ್ನು ಒಯ್ಯುವವರು ಕೆಲಸದ ಸೂಕ್ಷ್ಮವನ್ನು ಅರಿತವರೇ ಆಗಿರಬೇಕು.

ಇದೇ ಎಡೆಯಲ್ಲಿ ಸ್ಪೆಷಲೈಜ್ಡ್ ಸಂಸ್ಥೆಯ ಹೆಸರೂ ಬರುತ್ತದೆ. ಅದರ ಸ್ಥಾಪಕನಾದ ಮೈಕ್ ಸಿನ್ಯಾರ್ಡ್ 1974ರಲ್ಲಿ ವ್ಯಾಪಾರವನ್ನು ಆರಂಭಿಸಿದುದು ಚಿನೆಲ್ಲಿಯ ಬಿಡಿಭಾಗಗಳನ್ನು ಇಟಲಿಯಿಂದ ತರಿಸಿ ಮಾರುವುದರಿಂದ, ಎಂದರೆ ರಸ್ತೆಯ ಸೈಕಲ್ಲಿನಿಂದ. ಆತನು ರಿಚಿ ಕಟ್ಟಿದ ನಾಲ್ಕು ಸೈಕಲ್ಲುಗಳನ್ನು ಕೊಂಡು, ಅವುಗಳ ಮಾದರಿಯನ್ನು ಮುಂದಿರಿಸಿಕೊಂಡು, ಜಪಾನಿನಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸಿದ ಸ್ಟಂಪ್‌ಜಂಪರ್ ಎಂಬ ಬೆಟ್ಟದ ಸೈಕಲ್ಲನ್ನು 1981ರಲ್ಲಿ 750 ಡಾಲರಿಗೆ ಮಾರುಕಟ್ಟೆಗೆ ತಂದನು. ಅದೇ ವರ್ಷ ಅದೇ ಸಂಸ್ಥೆಯಿಂದ ಅಲೆ ಎಂಬ ರಸ್ತೆಯ ಸೈಕಲ್ಲೂ ಹೊರಬಂದಿತು. ಅವಳಿಗಳಂತೆ ಹುಟ್ಟಿದ ಎರಡರಲ್ಲಿ ಒಂದು ಮಾತ್ರ ಇತಿಹಾಸವಾಯಿತು.

ಮುಂದಿನ ಹತ್ತು ವರ್ಷಗಳಲ್ಲಿ ಬೆಟ್ಟದ ಸೈಕಲ್ಲು ಅಮೆರಿಕವನ್ನೂ ಯುರೋಪನ್ನೂ ವ್ಯಾಪಿಸಿತು. 1983ರ ಹೊತ್ತಿಗೆ ರಿಚಿಯೂ ಫಿಷರನೂ ಬೇರೆ ಬೇರೆಯಾದರು. ಫಿಷರನ ಸಂಸ್ಥೆಯನ್ನು 1993ರಲ್ಲಿ ಟ್ರೆಕ್ ಕಂಪನಿಯು ಕೊಂಡುಕೊಂಡಿತು. ರಿಚಿಯದು ಮಾತ್ರ ಸ್ವತಂತ್ರವಾಗಿ ಉಳಿಯಿತು. ಹೆಸರು ಬೆಟ್ಟದ್ದಾದರೂ ಆತನ ಚಿಂತನೆಯ ತಿರುಳು ರಸ್ತೆಯದೇ ಆಗಿತ್ತೆಂಬುದಕ್ಕೆ ಕೊಳವೆಗಳ ವಿಷಯದಲ್ಲಿ ಆತನು ಮಾಡಿದ ಸುಧಾರಣೆಯೇ ಪ್ರಮಾಣ. ಆಗಿನ ಉತ್ತಮ ಕೊಳವೆಯ ಗೋಡೆ ತುದಿಗಳಲ್ಲಿ 0.9 ಮಿಲಿಮೀಟರೂ ನಡುವೆ 0.6 ಮಿಲಿಮೀಟರೂ ದಪ್ಪವಾಗಿರುತ್ತಿತ್ತು. ಯಾವ ಅಳತೆಯ ಫ್ರೇಮಿಗಾದರೂ ಕತ್ತರಿಸಿಕೊಳ್ಳಲು ಬರಲೆಂದೂ, ಲಗ್ಗಿನ ಬೆಸುಗೆಯ ಕಾವು ಹರಡುವಷ್ಟು ದೂರ ರಕ್ಷಣೆಯಿರಲೆಂದೂ ದಪ್ಪಭಾಗವನ್ನು ಉದ್ದವಾಗಿ ಬಿಡುತ್ತಿದ್ದರು. ಲಗ್ಗಿಲ್ಲದ ಬೆಸುಗೆಯಲ್ಲಿ ಒತ್ತಡವೂ ಕಾವೂ ಸಂದಿನ ಸಮೀಪದಲ್ಲಿಯೇ ಕೇಂದ್ರೀಕೃತವಾಗುವುದರಿಂದ ಅಷ್ಟುದ್ದದ ದಪ್ಪಭಾಗ ವ್ಯರ್ಥಭಾರವೆಂದು ಕಂಡ ರಿಚಿಯು, 1980ರ ದಶಕದಲ್ಲಿ ಜಪಾನಿನ ಟಾಂಗೆ ಸಂಸ್ಥೆಯೊಡನೆ ಕೂಡಿ, ದಪ್ಪಭಾಗವನ್ನು ಬೇಕಾದಷ್ಟಕ್ಕೇ ಮೊಟಕುಗೊಳಿಸಿದ ಲಾಜಿಕ್ ಎಂಬ ಕೊಳವೆಗಳನ್ನು ಮಾಡಿಸಿದನು. ಒಂದೊಂದು ಗ್ರಾಮನ್ನೂ ಕೇಳಿ ವಿಚಾರಿಸುವ ಈ ಮನೋಧರ್ಮ ಪಂದ್ಯದ ರಸ್ತೆಯಲ್ಲಿ ಬೆಳೆದವನದು. ಆತನ ರಸ್ತೆಯ ಫ್ರೇಮಿಗೆ ರೋಡ್ ಲಾಜಿಕ್ ಎಂದು ಹೆಸರು ಬಂದುದು ಈ ಕೊಳವೆಗಳಿಂದಲೇ. ತೆಳ್ಳನೆಯ ದುಂಡು ಉಕ್ಕು, ಅಲಂಕಾರವಿಲ್ಲದ ಸಂದುಗಳು, ಅವಸರವಿಲ್ಲದ ರೇಖೆಗಳು: ಸಹಸ್ರಾರು ಡಾಲರುಗಳ ಇಂಗಾಲನಾರಿನ ಸೈಕಲ್ಲುಗಳ ನಡುವೆ ಅದನ್ನು ನಿಲ್ಲಿಸಿದರೂ ಅದರ ಘನತೆ ಕುಗ್ಗದು.

ಸವಾರರಲ್ಲಿಯೂ ಈ ಎರಡು ಕುಲಗಳ ನಡುವೆ ಗೋಡೆಯಿರಲಿಲ್ಲ. ಬೆಟ್ಟದ ಸೈಕಲ್ಲಿನ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ 1990ರಲ್ಲಿ ಕೊಲರಾಡೊದ ಡುರಾಂಗೊದಲ್ಲಿ ನಡೆದಾಗ, ರಿಚಿಯ ತಂಡದ ಸ್ವಿಸ್ ತರುಣ ಥಾಮಸ್ ಫ್ರಿಷ್‌ಕ್ನೆಕ್ಟ್ ಎರಡನೆಯವನಾದನು. ಮರುವರ್ಷವೇ ಬಾಗಿದ ಹ್ಯಾಂಡಲ್ಲಿನ ಸೈಕಲ್ಲೇರಿ ಕೆಸರುಗದ್ದೆಯಲ್ಲಿ ಓಡುವ ಸೈಕ್ಲೊಕ್ರಾಸಿನಲ್ಲಿ ಹವ್ಯಾಸಿಗಳ ವಿಶ್ವ ಪ್ರಶಸ್ತಿಯನ್ನು ಗೆದ್ದನು. ಬೆಟ್ಟದ ಸೈಕಲ್ಲು ಒಲಿಂಪಿಕ್ಸಿಗೆ ಮೊದಲು ಕಾಲಿಟ್ಟ 1996ರ ಅಟ್ಲಾಂಟ ಕೂಟದಲ್ಲಿ ಬೆಳ್ಳಿಯ ಪದಕವನ್ನು ಪಡೆದವನೂ ಈತನೇ. ರಿಚಿಯ ಸ್ವಿಸ್ ಕ್ರಾಸ್ ಎಂಬ ಮಾದರಿಯಲ್ಲಿ ಈ ನಂಟಿನ ನೆನಪಿದೆ. ಡುರಾಂಗೊದಲ್ಲಿ ಜಾನ್ ಟೊಮ್ಯಾಕ್ ಎಂಬ ಅಮೆರಿಕದ ಸವಾರನು ಬೆಟ್ಟದ ಸೈಕಲ್ಲಿಗೇ ರಸ್ತೆಯ ಬಾಗಿದ ಹ್ಯಾಂಡಲ್ಲನ್ನು ಕೂಡಿಸಿಕೊಂಡು ಓಡಿದುದು ಆ ಕಾಲದ ಚಿತ್ರಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ಅದೇ ವರ್ಷ ಆತನು ರಸ್ತೆಯ ಪಂದ್ಯಗಳಲ್ಲಿ ಸೆವೆನ್–ಇಲೆವೆನ್ ತಂಡದ ಸವಾರನಾಗಿದ್ದುದರಿಂದ ಕೈಯ ಅಭ್ಯಾಸವನ್ನು ಕೆಡಿಸಿಕೊಳ್ಳಲು ಇಷ್ಟಪಡಲಿಲ್ಲ. ಕೊಡುಕೊಳೆ ಒಮ್ಮುಖವಾಗಿಯೂ ಇರಲಿಲ್ಲ. ಬೆಟ್ಟದ ಸೈಕಲ್ಲಿಗೆಂದು ಹುಟ್ಟಿದ ರಾಕ್‌ಷಾಕ್ಸ್ ಕಂಪನಿಯ ಸಸ್ಪೆನ್ಷನ್ ಫೋರ್ಕನ್ನು ತೊಡಿಸಿದ ಸೈಕಲ್ಲಿನಲ್ಲಿ ಜಿಲ್ಬೇರ್ ಡ್ಯೂಕ್ಲೊ–ಲಸಾಲ್ 1992ರಲ್ಲಿಯೂ 1993ರಲ್ಲಿಯೂ ಉತ್ತರ ಫ್ರಾನ್ಸಿನ ಕಲ್ಲುಹಾಸಿನ ಪಂದ್ಯವಾದ ಪ್ಯಾರಿಸ್–ರೂಬೆಯನ್ನು ಗೆದ್ದನು.

ರಿಚಿಯ ರಸ್ತೆಯ ಫ್ರೇಮುಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಬ್ರೇಕ್–ಅವೇ. ಇದು ಎರಡು ತುಂಡಾಗಿ ಬಿಚ್ಚಿಕೊಳ್ಳುವ, ವಿಮಾನದಲ್ಲಿ ಸಾಮಾನ್ಯ ಪೆಟ್ಟಿಗೆಯಂತೆ ಒಯ್ಯಬಹುದಾದ ಸೈಕಲ್ಲು. ಅಂಗವನ್ನು ಬಿಚ್ಚುವಂತೆ ಮಾಡಿದಲ್ಲಿ ಬಲ ಕುಗ್ಗುವುದೂ ಭಾರ ಏರುವುದೂ ಸಾಮಾನ್ಯ. ರಿಚಿ ಏನು ಮಾಡಿದನೆಂದರೆ, ಕೆಳಗಿನ ಓರೆಕೊಳವೆಯ ಬುಡದಲ್ಲಿ ಎರಡು ತುದಿಗಳನ್ನು ಮುಖಾಮುಖಿಯಾಗಿ ಇರಿಸಿ ಸುತ್ತಲೂ ಬಳೆಯಂತಹ ಒಂದು ಬಿಗಿಪಟ್ಟಿಯನ್ನು ಕೂರಿಸಿದನು. ಮೇಲ್ಗಡೆಯಲ್ಲಿ ಹೊಸ ಕೀಲನ್ನೇ ಹಾಕದೆ, ಹೇಗಿದ್ದರೂ ಇರಲೇಬೇಕಾದ ಸೀಟಿನ ಕಂಬವನ್ನೇ ಎರಡು ಭಾಗಗಳನ್ನೂ ಹಾಯ್ದು ಹಿಡಿಯುವ ಆಣಿಯನ್ನಾಗಿ ಮಾಡಿದನು. ಕಂಬವನ್ನು ಹೊರಗೆಳೆದು ಪಟ್ಟಿಯ ಒಂದು ಬೋಲ್ಟನ್ನು ಸಡಿಲಿಸಿದರೆ ಫ್ರೇಮು ಎರಡಾಗುತ್ತದೆ. ಕೂಡಿಸಿ ತುಳಿದಾಗ ಅದು ಎರಡಾಗಿತ್ತೆಂಬುದು ಸವಾರನ ಕಾಲಿಗೆ ತಿಳಿಯುವುದಿಲ್ಲ. ಇರುವ ಅಂಗಕ್ಕೆ ಇನ್ನೊಂದು ಕೆಲಸವನ್ನು ಕೊಟ್ಟು ಇಲ್ಲದ ಅಂಗವನ್ನು ಉಳಿಸುವ ಈ ಮಿತವ್ಯಯದ ಬುದ್ಧಿಯೇ ಆ ಕಸುಬಿನ ಸಂಸ್ಕಾರ.

2005ರ ಕೊನೆಯಲ್ಲಿ ರಿಚಿ ಮಧ್ಯ ಆಫ್ರಿಕದ ರುವಾಂಡಕ್ಕೆ ಹೋದನು. ಸಾವಿರ ಬೆಟ್ಟಗಳ ನಾಡೆಂದು ಹೆಸರಾದ ಆ ದೇಶವು 1994ರ ನರಮೇಧದ ಗಾಯಗಳಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದಿತು. ಮರದಿಂದಲೇ ಮಾಡಿದ ಗಾಡಿಯಂತಹ ಸೈಕಲ್ಲುಗಳ ಮೇಲೆ ಮೂಟೆಗಳನ್ನು ಹೇರಿಕೊಂಡು ಇಳಿಜಾರುಗಳಲ್ಲಿ ಧಾವಿಸುವ ರೈತರನ್ನು ಕಂಡು ಆತನ ಮನಸ್ಸು ಅಲ್ಲಿ ನೆಟ್ಟಿತು. ಕಾಫಿ ಬೆಳೆಗಾರರು ಹಣ್ಣನ್ನು ಬಾಡುವುದಕ್ಕೆ ಮುಂಚೆ ಸಂಸ್ಕರಣದ ಠಾಣೆಗೆ ಮುಟ್ಟಿಸುವಂತೆ ಹಿಂಭಾಗವನ್ನು ಉದ್ದವಾಗಿ ಚಾಚಿದ ಸರಕುಸೈಕಲ್ಲೊಂದನ್ನು ಆತನು ರೂಪಿಸಿದನು. ಪ್ರಾಜೆಕ್ಟ್ ರುವಾಂಡ ಎಂಬ ಸಂಸ್ಥೆಯನ್ನು ಕಟ್ಟಿ, 2006ರಲ್ಲಿ ವುಡನ್ ಬೈಕ್ ಕ್ಲಾಸಿಕ್ ಎಂಬ ಉತ್ಸವವನ್ನು ನಡೆಸಿದನು. 1981ರಲ್ಲಿ ಟೂರ್ ಡಿ ಫ್ರಾನ್ಸಿನಲ್ಲಿ ಭಾಗವಹಿಸಿದ ಮೊದಲ ಅಮೆರಿಕನ್ನನಾದ ಜೋನಥನ್ ಬೋಯರ್ ಆ ಸಂದರ್ಭದಲ್ಲಿ ಅಲ್ಲಿಗೆ ಬಂದು, ಮುಂದೆ ಅಲ್ಲಿಯೇ ನಿಂತು, ತರುಣರ ತಂಡವೊಂದನ್ನು ತರಬೇತುಗೊಳಿಸಿದನು. ನರಮೇಧದಲ್ಲಿ ಆರು ಮಂದಿ ಸೋದರರನ್ನು ಕಳೆದುಕೊಂಡ ಏಡ್ರಿಯನ್ ನಿಯೋನ್ಷುತಿ ಆ ತಂಡದಲ್ಲಿ ಬೆಳೆದವನು. ಆತನು 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ಪರ್ಧಿಸಿದುದು ಬೆಟ್ಟದ ಸೈಕಲ್ಲಿನಲ್ಲಿ. 2016ರ ರಿಯೊ ಒಲಿಂಪಿಕ್ಸಿನಲ್ಲಿ ರಸ್ತೆಯ ಪಂದ್ಯದಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ರಸ್ತೆಯಿಂದ ಬೆಟ್ಟಕ್ಕೆ ಹೋದ ದಾರಿಯನ್ನು ಈತನು ಬೆಟ್ಟದಿಂದ ರಸ್ತೆಗೆ ಬಂದು ಕೂಡಿದನು.

ರಸ್ತೆಯ ಸೈಕಲ್ಲಿನ ವಿಶ್ವ ಚಾಂಪಿಯನ್‌ಷಿಪ್ 2025ರ ಸೆಪ್ಟೆಂಬರಿನಲ್ಲಿ ಮೊಟ್ಟಮೊದಲ ಬಾರಿಗೆ ಆಫ್ರಿಕ ಖಂಡಕ್ಕೆ ಬಂದಾಗ, ಅದಕ್ಕೆ ನೆಲೆಯಾದುದು ರುವಾಂಡದ ರಾಜಧಾನಿ ಕಿಗಾಲಿ. ಗಂಡಸರ ಪಂದ್ಯವು ಸುಮಾರು 267 ಕಿಲೋಮೀಟರಿನದು. ಅದರಲ್ಲಿ ಒಟ್ಟು 5,000 ಮೀಟರಿಗೂ ಮಿಗಿಲಾದ ಏರು. ಸ್ಲೊವೇನಿಯದ ತದೈ ಪೊಗಾಚಾರ್ ಗೆದ್ದ ಆ ಪಂದ್ಯವನ್ನು ಬಹುಪಾಲು ಸವಾರರು ಮುಗಿಸಲಾರದೆ ಹೋದರು. ಅಲ್ಲಿ ಓಡಿದ ಸೈಕಲ್ಲುಗಳೆಲ್ಲ ರಸ್ತೆಯವೇ. ಆದರೆ ಅವುಗಳ ಗಾಲಿಗಳಲ್ಲಿದ್ದ ಡಿಸ್ಕ್ ಬ್ರೇಕುಗಳು, ಬೆಟ್ಟದ ಸೈಕಲ್ಲಿನಲ್ಲಿ ದಶಕಗಳ ಕಾಲ ಪಳಗಿ, 2018ರಲ್ಲಿ ರಸ್ತೆಯ ಪಂದ್ಯಗಳಿಗೆ ಪೂರ್ಣವಾದ ಅನುಮತಿಯನ್ನು ಪಡೆದವು. ಒಂದು ಕಾಲಕ್ಕೆ 23 ಮಿಲಿಮೀಟರಿಗೆ ಮೀರದಿದ್ದ ಅವುಗಳ ಟಯರು, ಒರಟು ನೆಲದ ಮೇಲೆ ಅಗಲವೇ ವೇಗವೆಂಬುದನ್ನು ಒಪ್ಪಿಕೊಂಡು, 28 ಮಿಲಿಮೀಟರಿಗೂ ಅದರಾಚೆಗೂ ಬೆಳೆದುದು.